ಹೆಳವರನ್ನು ಕರೆಸಿ ಮನೆತನದ ವಂಶಾವಳಿ ಓದಿಸುವವರಿಗೆ

ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ವಾಟ್ನಿಪತ್ರ (ಆಸ್ತಿ ಪಾಲು ಮಾಡಿಕೊಂಡ ಕಾಗದ), ಖರೀದಿಪತ್ರ ಬರೆಯುವುದು ನನ್ನ ಕಸುಬು. ಹಾವೇರಿ ಸೀಮೆಯವನು. ವಾಟ್ನಿಗೆ ಬಂದ ಅಣ್ಣತಮ್ಮಂದಿರಿಗೆ ನಾನು ಮೊದಲು ಕೇಳುವುದು ಹಿರಿಯರ ಹೆಸರು. ಅಪ್ಪನ ಹೆಸರು, ಅಜ್ಜನ ಹೆಸರು ಪಟಪಟ ಬರುತ್ತವೆ. ಮುತ್ತಜ್ಜನದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮುತ್ತಜ್ಜಿಯ ಹೆಸರಂತೂ ಯಾರಿಗೂ ಗೊತ್ತಿರುವುದಿಲ್ಲ. ಈಚೆಗೆ ಬೆಂಗಳೂರು, ಪುಣೆ, ಅಮೆರಿಕದಲ್ಲಿರುವ ನಮ್ಮ ಕಡೆಯ ಹುಡುಗರೂ ಫೋನ್ ಮಾಡಿ, "ಕಾಕಾ, ರೊಕ್ಕ ಕೊಟ್ರ ನಮ್ಮ ಮನೆತನದ ಹಿಂದಿಂದೆಲ್ಲ ಹುಡುಕಿ ಕೊಡೋರು ಯಾರರೆ ಅದಾರೇನ್ರಿ?" ಎಂದು ಕೇಳುತ್ತಾರೆ. ಅದಾರ. ಅವರೇ ಹೆಳವರು. ಅವರನ್ನು ಹೇಗೆ ಹುಡುಕಬೇಕು, ಹೇಗೆ ಓದಿಸಬೇಕು, ಓದಿದ್ದನ್ನು ಹೇಗೆ ತಾಳೆ ನೋಡಬೇಕು ಎಂಬುದನ್ನು ಎಲ್ಲರಿಗೂ ಒಮ್ಮೆಲೇ ಹೇಳಿಬಿಡುತ್ತೇನೆ.

ಮನೆತನಗಳ ಚರಿತ್ರೆ ಹೇಳುವುದೇ ಹೆಳವರ ಕುಲಕಸುಬು. ಅವರು ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು ಊರಿಗೆ ಬರುತ್ತಿದ್ದುದನ್ನು, ಮನೆಮನೆಗೆ ಹೋಗಿ ಹಿಂದಿನವರ ಕಥೆಯನ್ನೂ ಯುದ್ಧದಲ್ಲಿ ಮಡಿದವರ ಹೆಸರನ್ನೂ ಹೇಳುತ್ತಿದ್ದುದನ್ನು ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಬರೆದ ಇಂಗ್ಲಿಷಿನವ ಎಡ್ಗರ್ ಥರ್ಸ್ಟನ್ 1909ರಲ್ಲೇ ಬರೆದಿಟ್ಟಿದ್ದಾನೆ. ಈಗ ಎತ್ತಿನ ಬದಲು ಬೈಕು, ಟಂಟಂ ಬಂದಿವೆ. ತಾಳೆಗರಿಯ ಜಾಗದಲ್ಲಿ ದಪ್ಪ ರಟ್ಟಿನ ಪುಸ್ತಕ ಬಂದಿದೆ. ಮೂಲ ಊರು, ಬೆಡಗು (ಗೋತ್ರದಂತೆ ಒಂದೇ ಮೂಲದವರ ಬಳಿ), ಮನೆದೇವರು, ಯಾವ ಊರಿನಿಂದ ಯಾವ ಊರಿಗೆ ಯಾಕೆ ಬಂದಿರಿ, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂದು ಹಾಡಿನ ಧಾಟಿಯಲ್ಲಿ ಹೇಳುವುದು ಮಾತ್ರ ಹಾಗೇ ಉಳಿದಿದೆ.

ಮೊದಲು ತಿಳಿಯಬೇಕಾದದ್ದು: ಯಾವ ಹೆಳವರನ್ನು ಬೇಕಾದರೂ ಕರೆಸಿ ಓದಿಸಲು ಬರುವುದಿಲ್ಲ. ಇಂಥ ಮನೆತನಗಳು ಇಂಥ ಹೆಳವರ ಪಾಲಿಗೆ ಎಂದು ಅವರೊಳಗೇ ಹಂಚಿಕೆ ಇರುತ್ತದೆ. ನಾವು ಹೊಲ ಹಂಚಿಕೊಂಡಂತೆ ಅವರ ಅಣ್ಣತಮ್ಮಂದಿರು ಮನೆತನಗಳನ್ನು ಹಂಚಿಕೊಂಡಿರುತ್ತಾರೆ. ಆದ್ದರಿಂದ ನಿಮಗೆ ಬೇಕಾದದ್ದು ನಿಮ್ಮ ಹೆಳವರು. ಅವರನ್ನು ಪತ್ತೆ ಮಾಡುವ ದಾರಿ ನಿಮ್ಮ ಭಾವಕಿಯ, ಅಂದರೆ ಅಣ್ಣತಮ್ಮಂದಿರ ಮನೆಗಳವರ, ಮೂಲಕವೇ ಹೋಗುತ್ತದೆ. ಮೂಲ ಊರಿನಲ್ಲಿ ಉಳಿದುಕೊಂಡ ದೊಡ್ಡಪ್ಪನೋ ಕಾಕಾನೋ ಇದ್ದರೆ "ನಮ್ಮ ಮನಿಗೆ ಬರೋ ಹೆಳವ್ರು ಯಾವೂರವ್ರು?" ಎಂದು ಕೇಳಿ. ಗೊತ್ತಿಲ್ಲ ಅಂದರೆ ಆ ಮನೆಯ ವಯಸ್ಸಾದ ಸೊಸೆಯಂದಿರನ್ನು ಕೇಳಿ. ಹೆಳವರು ಬಂದಾಗ ಜೋಳ ಅಳೆದು ಕೊಟ್ಟ ಕೈ ಅವರದು, ಅವರಿಗೆ ನೆನಪಿರುತ್ತದೆ. ಮನೆದೇವರ ಜಾತ್ರೆಯಲ್ಲಿ ನಿಮ್ಮ ಬೆಡಗಿನವರೇ ಸೇರುತ್ತಾರಲ್ಲ, ಅಲ್ಲಿ ವಿಚಾರಿಸಿದರೂ ಸುಳಿವು ಸಿಗುತ್ತದೆ. ಬೇರೆ ಹೆಳವರು ಎದುರಾದರೆ ಅವರನ್ನೂ ಬಿಡಬೇಡಿ. ನಿಮ್ಮ ಮನೆತನ ಯಾರ ಪಾಲಿನದು ಎಂದು ಅವರು ಹೇಳಬಲ್ಲರು. ಸುಗ್ಗಿ ಮುಗಿದು ಕಣದ ಕಾಳು ಮನೆಗೆ ಬಂದ ಮೇಲೆ ಅವರು ಊರೂರು ತಿರುಗುತ್ತಾರೆ, ಹುಡುಕುವುದಕ್ಕೆ ಅದೇ ಸರಿಯಾದ ಕಾಲ.

ಕರೆಸುವ ಮೊದಲು ಮನೆಯಲ್ಲಿ ಇರುವುದನ್ನು ಒಂದೆಡೆ ಸೇರಿಸಿ. ಕೈಬರಹದ ಉತಾರ (ಹೊಲದ ಪಹಣಿ), ಹಳೆಯ ವಾಟ್ನಿಪತ್ರ, ಶಾಲೆಯ ದಾಖಲಾತಿ ಎಲ್ಲರಿಗೂ ಹೊಳೆಯುತ್ತವೆ. ಹೊಳೆಯದ ಎರಡನ್ನು ಹೇಳುತ್ತೇನೆ. ಒಂದು, ಹಳೆಯ ಲಗ್ನಪತ್ರಿಕೆ. ಅದರಲ್ಲಿ ಅಜ್ಜ, ಮುತ್ತಜ್ಜ, ಸೋದರಮಾವ, ಬೀಗರ ಊರು ಎಲ್ಲವೂ ಅಚ್ಚಾಗಿರುತ್ತವೆ. ಎರಡು, ಅಟ್ಟದ ಮೇಲಿನ ತಾಮ್ರ, ಹಿತ್ತಾಳೆಯ ಪಾತ್ರೆಗಳು. ಕೊಡದ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ ಇರುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗೆ ಹಿಡಿದರೆ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ಇಸವಿಯೂ ಕಾಣುತ್ತದೆ. ಹೊಲದ ಕಾಗದದಲ್ಲಿ ಹೆಂಗಸರ ಹೆಸರು ಅಪರೂಪ, ತವರಿನಿಂದ ಬಂದ ಪಾತ್ರೆಯ ಮೇಲೆ ಅದು ಇರುತ್ತದೆ. ನಮ್ಮ ಮನೆಯಲ್ಲಿ ಮುತ್ತಜ್ಜಿಯ ತವರೂರು ಗೊತ್ತಾದದ್ದು ಹಾಗೆಯೇ.

ಆದರೆ ಸೇರಿಸಿದ್ದನ್ನೆಲ್ಲ ಹೆಳವರ ಮುಂದೆ ಮೊದಲೇ ಹರಡಬೇಡಿ. ಹೆಸರು ಹೇಳಿಬಿಟ್ಟರೆ ಅವರು ಓದಿದ್ದು ಪುಸ್ತಕದ್ದೋ ನೀವು ಹೇಳಿದ್ದೋ ಗೊತ್ತಾಗುವುದಿಲ್ಲ. ಹೆಳವರ ಹೆಸರು ಹೇಳಿಕೊಂಡು ಬರುವ ಬೇರೆ ಮಂದಿಯೂ ಇದ್ದಾರೆ. "ನಿಮ್ಮ ಹಿರೇರು ದೊಡ್ಡ ದೇಸಾಯರ ಪೈಕಿ" ಎಂದು ಹೊಗಳಿ ರೊಕ್ಕ ಇಸಿದುಕೊಂಡು ಹೋಗುತ್ತಾರೆ. ನಿಮ್ಮ ಹೆಳವರಾದರೆ ನೀವು ಬಾಯಿ ತೆರೆಯುವ ಮೊದಲೇ ಮನೆದೇವರು, ಬೆಡಗು ಹೇಳುತ್ತಾರೆ. ಕಳೆದ ಸಲ ಅವರ ಅಪ್ಪ ಬಂದಾಗ ಬರೆಸಿದ ಹೆಸರು ಪುಟದ ಕೊನೆಯಲ್ಲಿ ಇರುತ್ತದೆ. ನಮ್ಮ ಮನೆಯ ಪುಟದಲ್ಲಿ ಅಜ್ಜ ಆಗ ಕೊಟ್ಟ ಹೋರಿಕರುವಿನ ಬಣ್ಣವನ್ನೂ ಬರೆದಿಟ್ಟಿದ್ದರು. ಅಷ್ಟು ಸಣ್ಣದನ್ನು ಮನೆಯವರ ಹೊರತು ಬಲ್ಲವರು ಅವರೊಬ್ಬರೇ.

ಓದಿಸುವ ದಿನ ಅವಸರ ಇಟ್ಟುಕೊಳ್ಳಬೇಡಿ. ಪಡಸಾಲೆಯಲ್ಲಿ ಕಂಬಳಿ ಹಾಸಿ, ನೀರು ಕೊಟ್ಟು, ಮನೆಯ ಹಿರಿಯರನ್ನು ಎದುರಿಗೆ ಕೂರಿಸಿ. ಅವರು ಗಂಟು ಬಿಚ್ಚುತ್ತಾರೆ, ಪುಸ್ತಕಕ್ಕೆ ವಿಭೂತಿ ಹಚ್ಚಿ ಕೈಮುಗಿಯುತ್ತಾರೆ, ಆಮೇಲೆ ಮೂಲಪುರುಷನಿಂದ ಹಿಡಿದು ಒಂದೇ ಉಸಿರಿನಲ್ಲಿ ಎಂಬಂತೆ ಇಳಿಯುತ್ತಾರೆ. ನಡುವೆ "ಅದು ಹೆಂಗ್ರಿ?" ಎಂದು ತಡೆಯಬಾರದು. ಧಾಟಿ ತಪ್ಪಿದರೆ ಹೆಸರೂ ತಪ್ಪುತ್ತದೆ, ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಅವರನ್ನು ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಇಡಿ. ದೂರ ಇರುವ ಮಕ್ಕಳು ವಿಡಿಯೋ ಕಾಲ್‌ನಲ್ಲಿ ಕೇಳಲಿ. ಪ್ರಶ್ನೆ ಎಲ್ಲ ಕೊನೆಗೆ. ಆಗ ಒಂದೊಂದು ಹೆಸರಿಗೂ ಬಿಡಿಬಿಡಿಯಾಗಿ ಕೇಳಿ: ಹೆಂಡತಿ ಯಾರ ಮಗಳು, ಯಾವೂರು, ಹೆಣ್ಣುಮಕ್ಕಳು ಎಷ್ಟು, ಯಾರಾದರೂ ದತ್ತಕ ಹೋದರೇ, ಊರು ಬಿಟ್ಟದ್ದು ಯಾವ ಬರದಲ್ಲಿ.

ಪುಸ್ತಕದ ಫೋಟೋ ವಿಷಯದಲ್ಲಿ ನಾನು ಬಿಗಿ. ನಿಮ್ಮ ಮನೆತನದ ಪುಟ, ಅದೂ ಅವರು ಒಪ್ಪಿದರೆ. ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಕೊಡುತ್ತೇವೆ ಎಂದು ಒತ್ತಾಯಿಸುವವರನ್ನು ನೋಡಿದ್ದೇನೆ, ಅದು ಸರಿಯಲ್ಲ. ಅದು ಅವರ ಅನ್ನ. ಅದರಲ್ಲಿ ಇನ್ನೊಬ್ಬರ ಮನೆಯ ಉಡಿಕೆ (ಹೆಣ್ಣಿನ ಮರುಮದುವೆ), ದತ್ತಕ, ಜಗಳ ಎಲ್ಲವೂ ಇರುತ್ತವೆ. ನಿಮ್ಮ ಮನೆಯಲ್ಲೂ ಅಂಥದ್ದು ಹೊರಬೀಳಬಹುದು. ವಾಟ್ನಿಯ ತಕರಾರು ನಡೆಯುತ್ತಿರುವಾಗ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರು ಓದಿಸಬೇಡಿ, ಮನೆಯೊಳಗೆ ಓದಿಸಿ.

ದಕ್ಷಿಣೆಗೆ ಕಟ್ಟಿಟ್ಟ ದರವಿಲ್ಲ. ಹಿಂದೆ ಚೀಲಗಟ್ಟಲೆ ಜೋಳ, ಬಟ್ಟೆ, ಆಕಳು, ಉಳ್ಳವರು ಬೆಳ್ಳಿ ಕೊಡುತ್ತಿದ್ದರು. ಅವರೇ ತಿರುಗುತ್ತ ಬಂದಾಗ ಕಾಳಿನ ಜೊತೆ ನಗದು ಇಟ್ಟು ಕೊಡಿ. ನೀವಾಗಿ ಕರೆಸಿದರೆ ಹೋಗಿಬರುವ ಖರ್ಚು, ಊಟ, ವಸತಿ ನಿಮ್ಮದು, ಓದಿದ್ದಕ್ಕೆ ಬೇರೆ. ಎಷ್ಟು ಎಂಬುದನ್ನು ಫೋನಿನಲ್ಲೇ ಮಾತಾಡಿ ಮುಗಿಸಿ. ಸರ್ವೆಯವರಿಗೆ, ವಕೀಲರಿಗೆ ಎಣಿಸಿ ಕೊಡುವವರು ಹೆಳವರ ಮುಂದೆ ಹಳೆ ಅಂಗಿ, ಚಿಲ್ಲರೆ ಇಟ್ಟು ಕಳಿಸುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹತ್ತು ತಲೆಮಾರು ಕಾದಿಟ್ಟವರು ಅವರು. ಅವರ ಮಕ್ಕಳು ಈ ಕಸುಬು ಬಿಟ್ಟು ಗೌಂಡಿ ಕೆಲಸಕ್ಕೆ ಹೋದರೆ ಆ ಪುಸ್ತಕ ಓದುವವರು ಯಾರು?

ಈಗ ತಾಳೆ ನೋಡುವ ಕೆಲಸ. ಹೆಚ್ಚು ತೊಡಕು ಇರುವುದು ಇಲ್ಲೇ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಬಸಪ್ಪನ ಮಗ ಕಲ್ಲಪ್ಪ, ಕಲ್ಲಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಕಲ್ಲಪ್ಪ. ಬರೆದುಕೊಳ್ಳುವಾಗ ಎರಡು ಬಸಪ್ಪ ಸೇರಿ ಒಂದಾಗಿ ಎರಡು ತಲೆಮಾರು ಮಾಯವಾಗುವುದು ತೀರ ಸಾಮಾನ್ಯ. ಪ್ರತಿ ಹೆಸರಿಗೂ ಹೆಂಡತಿಯ ಹೆಸರು ಜೋಡಿಸಿ ಬರೆಯಿರಿ, ಆಗ ಬೆರೆಯುವುದಿಲ್ಲ.

ಎರಡನೆಯದು ಸಂವತ್ಸರ. ಹೆಳವರು ಇಸವಿ ಹೇಳುವುದು ಕಡಿಮೆ, "ಧಾತು ಸಂವತ್ಸರದ ಬರದಾಗ ಊರು ಬಿಟ್ರು" ಎನ್ನುತ್ತಾರೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಪ್ರಭವ ಸಂವತ್ಸರ 1867, 1927, 1987ರ ಯುಗಾದಿಗೆ ಶುರುವಾಯಿತು ಎಂಬುದನ್ನು ನೆನಪಿಟ್ಟುಕೊಂಡು ಎಣಿಸಿ. ಧಾತು ಹತ್ತನೆಯದು, ಅಂದರೆ 1876 ಅಥವಾ 1936. ಊರಿಗೆ ಊರೇ ಖಾಲಿಯಾದ ದೊಡ್ಡ ಬರ 1876ರಿಂದ 78ರದು, ಆದ್ದರಿಂದ ಇಲ್ಲಿ ಅನುಮಾನ ಉಳಿಯುವುದಿಲ್ಲ. ವಿಳಂಬಿ ಅಂದರೆ 1898, ಪ್ಲೇಗು ನಮ್ಮ ಕಡೆ ಕಾಲಿಟ್ಟ ಕಾಲ. ಕಾಳಯುಕ್ತಿ 1918, ಇನ್‌ಫ್ಲುಯೆಂಜಾದ ವರ್ಷ. ಒಂದೇ ಮನೆಯ ಮೂರು ನಾಲ್ಕು ಹೆಸರು ಒಂದೇ ಸಂವತ್ಸರದಲ್ಲಿ ತೀರಿಕೊಂಡಿದ್ದರೆ ಕಾರಣ ಅಲ್ಲಿ ಹುಡುಕಿ. ಯುಗಾದಿಗೆ ಮೊದಲಿನ ಮೂರು ತಿಂಗಳು ಮುಂದಿನ ಇಸವಿಗೆ ಬೀಳುತ್ತವೆ ಎಂಬುದೂ ಗಮನದಲ್ಲಿರಲಿ. ತಲೆಮಾರಿಗೆ ಇಪ್ಪತ್ತೈದು ಮೂವತ್ತು ವರ್ಷ ಹಿಡಿದು ಎಣಿಸಿದಾಗ ಲೆಕ್ಕ ಕೂಡದಿದ್ದರೆ ಎಲ್ಲೋ ಒಂದು ಹೆಸರು ಬಿಟ್ಟುಹೋಗಿದೆ.

ಮೂರನೆಯದು ಸರ್ಕಾರಿ ಕಾಗದ. ತಹಸೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಹಳೆಯ ಉತಾರ, ವಾರಸಾ ಡೈರಿಗಳ ನಕಲು ತೆಗೆಸಿ. ಅಪ್ಪ ಸತ್ತು ಮಕ್ಕಳ ಹೆಸರು ದಾಖಲಾದ ಪ್ರತಿ ಡೈರಿಯೂ ಒಂದು ತಲೆಮಾರಿನ ಸಾಕ್ಷಿ. ಗೌಡಕಿ, ಕುಲಕರ್ಣಿಕೆ, ತಳವಾರಿಕೆ ಇದ್ದ ಮನೆತನವಾದರೆ ವತನದ, ಅಂದರೆ ಆ ವಂಶಪಾರಂಪರ್ಯದ ಊರ ಹುದ್ದೆಯ, ಕಾಗದವನ್ನೂ ಕೇಳಿ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯ ಮೊದಲಿನ ಕಡತಗಳಲ್ಲಿ ವಂಶಾವಳಿಯೇ ಇರುವುದುಂಟು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ 1956ರವರೆಗೆ ಮುಂಬೈ ಆಡಳಿತದಲ್ಲಿದ್ದವು, ಹಳೆಯ ಕಾಗದ ಎಷ್ಟೋ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಇವೆ. ನಿಜಾಮರ ಕೈಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರಿನವು ಉರ್ದುವಿನಲ್ಲಿ ಸಿಗುತ್ತವೆ. ಇವಕ್ಕೆ ಓದುವವರನ್ನು ಬೇರೆ ಹಿಡಿಯಬೇಕು. ಪುಟಕ್ಕೆ ಇಷ್ಟು ಎಂದು ಗೊತ್ತು ಮಾಡಿಕೊಳ್ಳಿ. ಅಕ್ಷರಕ್ಕೆ ಅಕ್ಷರ ಕನ್ನಡ ಲಿಪಿಗೆ ಇಳಿಸಿದ ಪ್ರತಿ ಒಂದು, ಅರ್ಥ ಬರೆದದ್ದು ಇನ್ನೊಂದು, ಎರಡನ್ನೂ ಕೇಳಿ ಪಡೆಯಿರಿ. ಬರೀ ಅರ್ಥ ಕೊಟ್ಟರೆ ಮುಂದೆ ಯಾರೂ ಪರೀಕ್ಷಿಸಲು ಬರುವುದಿಲ್ಲ. ಹಿರಿಯರು ನಾಸಿಕ, ತ್ರ್ಯಂಬಕಕ್ಕೆ ಹೋಗಿದ್ದರೆ ಅಲ್ಲಿನ ತೀರ್ಥಪುರೋಹಿತರ ನಾಮಾವಳಿಯಲ್ಲಿ (ಬಂದ ಯಾತ್ರಿಕರ ಹೆಸರಿನ ವಹಿ) ಊರು, ಅಡ್ಡಹೆಸರು ಹೇಳಿ ಹುಡುಕಿಸಬಹುದು.

ಒಂದು ಮಾತು ಸ್ಪಷ್ಟವಾಗಿರಲಿ. ಖಾತೆ ಬದಲಾವಣೆಗೆ ಹೆಳವರ ಓದು ನಡೆಯುವುದಿಲ್ಲ, ಅದಕ್ಕೆ ನಾಡಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರವೇ ಬೇಕು. ಅದರಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸಲು ಬರುವವರಿಗೆ ನಾನು ಕಾಗದ ಬರೆದುಕೊಡುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು.

ಹೆಳವರ ಪುಸ್ತಕಕ್ಕೂ ಅದನ್ನೇ ಹೇಳುತ್ತೇನೆ. ಓದು ಮುಗಿದ ಮೇಲೆ ಹೊಸ ಹೆಸರು ಬರೆಸುವಾಗ ಗಂಡುಮಕ್ಕಳದ್ದಷ್ಟೇ ಹೇಳಿ ಎದ್ದುಬಿಡಬೇಡಿ. ನಮ್ಮ ಹೆಳವಜ್ಜನಿಗೆ ನಾನು ಇಬ್ಬರು ತಂಗಿಯರು, ಮಗಳು, ಅವರು ಸೇರಿದ ಊರು, ಅವರ ಮಕ್ಕಳ ಹೆಸರು ಹೇಳಿದಾಗ ಆತ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತ. "ಕೊಟ್ಟ ಹೆಣ್ಣು ಆ ಮನಿ ಪುಸ್ತಕದಾಗ ಇರ್ತೈತಲ್ಲಪಾ" ಅಂದ. "ಇಲ್ಲೂ ಇರ್ಲಿ ಬಿಡ್ರಿ ಅಜ್ಜಾರ, ಜಾಗ ಐತಲ್ಲ" ಅಂದೆ. ಬರೆದುಕೊಂಡ. ಕೇಳಿದರೆ ಬರೆಯುತ್ತಾರೆ, ನಾವೇ ಕೇಳುವುದಿಲ್ಲ.

ತಾಳೆ ನೋಡಿದ ವಂಶಾವಳಿಯನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಭಾವಕಿಯ ಪ್ರತಿ ಮನೆಗೂ ಒಂದೊಂದು, ಹೆಳವರಿಗೂ ಒಂದು ಕೊಡಿ. ಅನುಮಾನ ಉಳಿದ ಹೆಸರಿನ ಕೆಳಗೆ ಗೆರೆ ಎಳೆದಿರಿ, ಮುಂದಿನ ಸಲ ಬರುವಾಗ ಅವರು ತಮ್ಮ ಅಣ್ಣತಮ್ಮಂದಿರ ಪುಸ್ತಕದಲ್ಲೂ ನೋಡಿಕೊಂಡು ಬರಲಿ. ಹೋಗುವ ಮೊದಲು ಅವರದ್ದಲ್ಲದೆ ಅವರ ಮಗನ ಫೋನ್ ನಂಬರನ್ನೂ ಬರೆದಿಟ್ಟುಕೊಳ್ಳಿ.