ಡೋಕುವಿಕಿ ಪ್ಲಗಿನ್ ಬರೆಯಲು ನಾನು ಮಾಡಿಕೊಂಡ ಏರ್ಪಾಡು

ಡೋಕುವಿಕಿ ಎಂದರೆ ಪಿಎಚ್‌ಪಿ ಭಾಷೆಯಲ್ಲಿ ಬರೆದ ವಿಕಿ ತಂತ್ರಾಂಶ, ಅದಕ್ಕೆ ಹೊಸ ಸೌಲಭ್ಯ ಸೇರಿಸುವ ಕೋಡೇ ಪ್ಲಗಿನ್. ಫೈಲ್ ಸೇವ್ ಮಾಡಿದ ಕೂಡಲೇ ಬದಲಾವಣೆ ಬ್ರೌಸರ್‌ನಲ್ಲಿ ಕಾಣಬೇಕು. ನನಗೆ ಬೇಕಿದ್ದದ್ದು ಇಷ್ಟೇ. "ಆಗಲ್ಲ ಬಿಡು, ಕ್ಯಾಶ್ ಅಡ್ಡ ಬರುತ್ತೆ" ಎಂದು ಜೊತೆಯವರು ಹೇಳಿದ್ದರು (ಕ್ಯಾಶ್ ಎಂದರೆ ಪ್ರತಿ ಸಲ ಹೊಸದಾಗಿ ತಯಾರಿಸದಿರಲು ಎತ್ತಿಟ್ಟುಕೊಂಡ ಪ್ರತಿ). ಈಗ ಆಗಿದೆ. ಹಾಗೆ ಹೇಳಿದವರಲ್ಲಿ ಇಬ್ಬರು ನನ್ನ ಏರ್ಪಾಡನ್ನೇ ಬಳಸುತ್ತಿದ್ದಾರೆ.

ಮೊದಲು ಸರ್ವರ್ ಬಾಡಿಗೆಗೆ ಹಿಡಿದಿದ್ದೆ. ಒಂದು ಸಾಲು ತಿದ್ದಿದರೂ ಅಪ್‌ಲೋಡ್. ಆರೇಳು ತಿಂಗಳ ಬಾಡಿಗೆ ಸುಮ್ನೆ ಹೋಯಿತು. ಆಮೇಲೆ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್. ಅದಕ್ಕೆಂದೇ ರ‍್ಯಾಮ್ ಕೊಂಡೆ, ಆ ದುಡ್ಡೂ ದಂಡ. ಡೋಕುವಿಕಿಗೆ ಡೇಟಾಬೇಸ್ ಬೇಡ, ಎಲ್ಲ ಬರೀ ಫೈಲುಗಳು. ಪಿಎಚ್‌ಪಿ ಜೊತೆಗೇ ಬರುವ ಪುಟ್ಟ ಸರ್ವರ್ ಧಾರಾಳ ಸಾಕು.

ಪ್ಲಗಿನ್ನಿನ ಗಿಟ್ ಫೋಲ್ಡರ್ (ಕೋಡಿನ ಬದಲಾವಣೆಗಳ ದಾಖಲೆ ಇರುವ ಜಾಗ) ಡೋಕುವಿಕಿಯ ಹೊರಗಿಟ್ಟು, ಒಳಗಿನಿಂದ ಅದಕ್ಕೆ ಸಿಮ್‌ಲಿಂಕ್ (ಬೇರೆಡೆಯ ಫೋಲ್ಡರನ್ನು ತೋರಿಸುವ ಕೊಂಡಿ) ಕೊಟ್ಟೆ. ಒಂದು ಹಳೆಯ ಪ್ಲಗಿನ್ ಮಾತ್ರ ಕೈಕೊಟ್ಟಿತು. ಅದು ತಾನಿರುವ ಜಾಗದಿಂದ ಮೇಲಕ್ಕೆ ಹತ್ತಿ ಡೋಕುವಿಕಿಯನ್ನು ಹುಡುಕುತ್ತಿತ್ತು. ಪಿಎಚ್‌ಪಿ ಸಿಮ್‌ಲಿಂಕ್ ಬಿಡಿಸಿ ನಿಜವಾದ ಫೋಲ್ಡರನ್ನೇ ತೋರಿಸುತ್ತದಲ್ವಾ, ಅಲ್ಲಿ ಡೋಕುವಿಕಿ ಎಲ್ಲಿಂದ ಬರಬೇಕು?

ನಿಜವಾದ ಕಾಟ ಕ್ಯಾಶ್‌ನದು. ಡೋಕುವಿಕಿಯ 'ಕ್ಯಾಶ್‌ಟೈಮ್' ಸೆಟ್ಟಿಂಗನ್ನು -1 ಮಾಡಿದೆ. ಪ್ಲಗಿನ್ನಿನಲ್ಲಿ ಎಚ್‌ಟಿಎಂಎಲ್ ತಯಾರಿಸುವ ರೆಂಡರ್‌ನಲ್ಲಿ ತಿದ್ದಿದ್ದು ಕಾಣಿಸಿತು, ಪುಟದ ಬರಹವನ್ನು ಮೊದಲು ಬಿಡಿಸಿ ಓದುವ ಹ್ಯಾಂಡಲ್‌ನಲ್ಲಿ ತಿದ್ದಿದ್ದು ಕಾಣಿಸಲಿಲ್ಲ. ನನ್ನ ಕೋಡೇ ತಪ್ಪು ಎಂದುಕೊಂಡು ಎರಡು ರಾತ್ರಿ ಹಾಳು ಮಾಡಿದೆ. ಆ -1 ತಡೆಯುವುದು ಎಚ್‌ಟಿಎಂಎಲ್ ಕ್ಯಾಶನ್ನು ಮಾತ್ರ. ಹ್ಯಾಂಡಲ್ ಕೊಟ್ಟದ್ದು ಇನ್‌ಸ್ಟ್ರಕ್ಷನ್ ಕ್ಯಾಶ್‌ನಲ್ಲಿ ಕೂತಿರುತ್ತದೆ. ಆದರೆ ಕಾನ್ಫ್ ಫೋಲ್ಡರಿನ 'ಲೋಕಲ್.ಪಿಎಚ್‌ಪಿ' ಎಂಬ ಸೆಟ್ಟಿಂಗ್ ಫೈಲಿಗೆ ಒಂದು ಟಚ್ (ಫೈಲ್ ಬದಲಾದ ಸಮಯವನ್ನು ಹೊಸದಾಗಿಸುವ ಕಮಾಂಡ್) ಕೊಟ್ಟರೆ ಎರಡೂ ಹಳೆಯದಾಗುತ್ತವೆ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕ್ಯಾಶ್ ಕೂಡ. ಲಿನಕ್ಸ್‌ನಲ್ಲಿ ಫೈಲ್ ಬದಲಾವಣೆ ಗಮನಿಸುವ ಐನೋಟಿಫೈವೇಟ್‌ಗೆ ಪ್ಲಗಿನ್ ಫೋಲ್ಡರ್ ಕಾಯಲು ಹೇಳಿ, ಫೈಲ್ ಬದಲಾದಾಗಲೆಲ್ಲ ಟಚ್ ಮಾಡಿಸಿದೆ. ಎಂಟು-ಹತ್ತು ಸಾಲಿನ ಸ್ಕ್ರಿಪ್ಟ್ ಅಷ್ಟೇ. ಕೆಲವು ಎಡಿಟರ್‌ಗಳು ಹೊಸ ಫೈಲ್ ಬರೆದು ಹಳೆಯದರ ಹೆಸರಿಡುತ್ತವೆ, ಅದಕ್ಕೇ ಅದು ಕಾಯುವ ಬದಲಾವಣೆಗಳ ಪಟ್ಟಿಗೆ 'ಮೂವ್ಡ್ ಟು' ಕೂಡ ಸೇರಿಸಿ.

ನಡುವೆ ಕ್ಯಾಶ್ ಫೋಲ್ಡರನ್ನು ರ‍್ಯಾಮ್‌ನಲ್ಲಿಟ್ಟು ನೋಡಿದೆ. ಕಣ್ಣಿಗೆ ಕಾಣುವಷ್ಟು ಲಾಭವೇನೂ ಆಗಲಿಲ್ಲ, ತೆಗೆದುಬಿಟ್ಟೆ.

ಕೋಡಿನ ತಪ್ಪು ಹುಡುಕಲು ಎಕ್ಸ್‌ಡೀಬಗ್ 3 ಇದೆ, ಅದು ಎಡಿಟರನ್ನು ಪೋರ್ಟ್ 9003ರಲ್ಲಿ ಸಂಪರ್ಕಿಸುತ್ತದೆ. ಬ್ರೇಕ್‌ಪಾಯಿಂಟ್‌ನಲ್ಲಿ (ಕೋಡ್ ತಡೆದು ನಿಲ್ಲಿಸಲು ಗುರುತಿಟ್ಟ ಸಾಲಿನಲ್ಲಿ) ನಿಂತಾಗ ಇಡೀ ವಿಕಿಯೇ ನಿಲ್ಲುತ್ತಿತ್ತು, ಏಕೆಂದರೆ ಪಿಎಚ್‌ಪಿಯ ಆ ಪುಟ್ಟ ಸರ್ವರ್ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡುತ್ತದೆ. ಪಿಎಚ್‌ಪಿ 7.4ರಿಂದ ವರ್ಕರ್ಸ್ (ಒಟ್ಟೊಟ್ಟಿಗೆ ರಿಕ್ವೆಸ್ಟ್ ನೋಡುವ ಪ್ರೊಸೆಸ್‌ಗಳು) ಸಂಖ್ಯೆ ಕೊಡಬಹುದು. ನಾನು 4 ಕೊಟ್ಟೆ, ಸರಿಹೋಯಿತು.

ಪರೀಕ್ಷೆಯ ಪುಟಗಳನ್ನು ಪ್ರತಿ ಸಲ ಮೊದಲಿನ ಸ್ಥಿತಿಗೆ ತರಲು ಇನ್ನೊಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮೊದಲು ವಾರಗಟ್ಟಲೆ ಎಳೆಯುತ್ತಿದ್ದ ಪ್ಲಗಿನ್ ಕೆಲಸ ಕಳೆದ ಸಲ ಸುಮಾರು ಮೂರು ದಿನದಲ್ಲಿ ಮುಗಿಯಿತು.