ಒಂದು ಮೆಣಸಿನಕಾಯಿ ಚೀಲದ ಹಿಂದೆ ಹೋದಾಗ

ಬ್ಯಾಡಗಿ ಪಟ್ಟಣದ ಆರ್ಥಿಕ ಅಭಿವೃದ್ಧಿಗೆ ಐದು ವರ್ಷದ ಯೋಜನೆ ಬರೆಯುವ ತಂಡದಲ್ಲಿ ನಾನಿದ್ದೆ. ಮೊದಲ ಕರಡನ್ನು ಕೂತಲ್ಲೇ ಕೂತು ಬರೆದೆವು. ಊರಾಚೆ ಕೈಗಾರಿಕಾ ಬಡಾವಣೆ, ಆಹಾರ ಸಂಸ್ಕರಣೆಗೆ ಫುಡ್ ಪಾರ್ಕ್, ರಿಂಗ್ ರೋಡ್. ಹೆಸರು ತಿದ್ದಿದರೆ ಯಾವ ಊರಿಗಾದರೂ ಹೊಂದುವಂಥ ಕರಡು ಅದು.

ನಮ್ಮ ಮುಂದೆ ಇದ್ದದ್ದೆಲ್ಲ ಕೋಷ್ಟಕಗಳೇ. ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟ ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಇಟ್ಟುಕೊಂಡು ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಗುರುತಿಸಿತ್ತು. ದೊಡ್ಡ ಕೆಲಸ ಅದು. ಯಾವ ತಾಲ್ಲೂಕಿಗೆ ಹಣ ಹೋಗಬೇಕು ಅನ್ನೋದು ಅದರಿಂದ ಗೊತ್ತಾಗುತ್ತದೆ. ತಾಲ್ಲೂಕಿನೊಳಗೆ ದುಡ್ಡು ಯಾರ ಕೈಯಿಂದ ಯಾರ ಕೈಗೆ ದಾಟುತ್ತದೆ ಅಂತ ತಿಳಿಯೋಕೆ ನಾವೇ ತಿರುಗಬೇಕು.

ಜನರ ಸಭೆ ಕರೆದೆವು, ಸೋಮವಾರ ಹನ್ನೊಂದಕ್ಕೆ. ನಾಲ್ಕೈದು ವರ್ತಕರು ಬಂದರು, ಅಷ್ಟೇ. ಚಹಾ ತಂದ ಹುಡುಗ ಹೇಳಿದ: "ಸೋಮವಾರ ಇಟ್ಟರ ಯಾರು ಬರ್ತಾರ್ರೀ ಸರ? ಇವತ್ತು ಪ್ಯಾಟಿ ಐತಿ." ಸೋಮವಾರ, ಗುರುವಾರ ಇಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಸೀಸನ್‌ನಲ್ಲಿ ಒಂದೇ ದಿನ ಲಕ್ಷಕ್ಕೂ ಜಾಸ್ತಿ ಚೀಲ ಬರುತ್ತವೆ. ಅದು ಗೊತ್ತಿಲ್ಲದೆ ಈ ಊರಿಗೆ ಯೋಜನೆ ಬರೆಯಲು ಹೊರಟಿದ್ದೆವು!

ಅವತ್ತೇ ಸಭೆ ಬಿಟ್ಟು ಒಂದು ಚೀಲದ ಹಿಂದೆ ಹೋದೆವು. ಬಳ್ಳಾರಿ ಕಡೆಯ ರೈತರದ್ದು. ದಲಾಲಿ ಅಂಗಡಿ ಮುಂದೆ ಇಳಿಯಿತು, ಟೆಂಡರ್ ಆಯಿತು, ತೂಕ ಆಯಿತು, ಗೋದಾಮಿಗೆ ಹೋಯಿತು. ಅಲ್ಲಿ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು. ಕೂಲಿ ಕಿಲೋ ಲೆಕ್ಕದಲ್ಲಿ. ಘಾಟಿಗೆ ನಮಗೆ ಹತ್ತು ನಿಮಿಷ ನಿಲ್ಲಲಾಗಲಿಲ್ಲ. ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಕೆಲಸದಿಂದ. ನಮ್ಮ ಕರಡಿನಲ್ಲಿ ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಇನ್ನೊಂದು ಗಂಟು ಬಿಚ್ಚಿಕೊಂಡಿದ್ದು ಕೋಲ್ಡ್ ಸ್ಟೋರೇಜ್ ಹತ್ತಿರ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವನ್ನು ಕಾರ್ಖಾನೆಗಳಲ್ಲಿ ಎಣ್ಣೆಯ ರೂಪದಲ್ಲಿ ತೆಗೆಯುತ್ತಾರೆ, ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಕೂಡ ಸಿಕ್ಕಿದೆ. ಆದರೆ ಬಿಸಿಲ ದಿನಗಳಲ್ಲಿ ಹೊರಗಿಟ್ಟರೆ ಬಣ್ಣ ಇಳಿಯುತ್ತದೆ. ತಂಪಿನಲ್ಲಿಟ್ಟು ಒಳ್ಳೆ ದರಕ್ಕೆ ಕಾಯಬೇಕು. ಕಾಯುವ ಶಕ್ತಿ ವರ್ತಕರಿಗಿದೆ. ಸಾಲ ಮಾಡಿ ಬೆಳೆದ ರೈತ ಬಂದ ದಿನವೇ ಮಾರಿ ಹೋಗುತ್ತಾನೆ. 2024ರ ಮಾರ್ಚ್‌ನಲ್ಲಿ ದರ ಬಿದ್ದಾಗ ಸಿಟ್ಟಿಗೆದ್ದವರು ಮಾರುಕಟ್ಟೆಯಲ್ಲೇ ಬೆಂಕಿ ಹಚ್ಚಿದ್ದನ್ನು ಎಲ್ಲರೂ ನೋಡಿದ್ದಾರೆ.

ಕರಡನ್ನು ಹೊಸದಾಗಿ ಬರೆದೆವು. ಇಟ್ಟಿರುವ ಮಾಲಿನ ಮೇಲೆ ರೈತರಿಗೆ ಅಡಮಾನ ಸಾಲ ಸುಲಭವಾಗಿ ಸಿಗುವಂತೆ ಮಾಡುವುದು ಮೊದಲ ಕೆಲಸವಾಯಿತು. ಗೋದಾಮುಗಳಲ್ಲಿ ಗಾಳಿ, ನೀರು, ಶೌಚಾಲಯ ಅದರ ಪಕ್ಕದಲ್ಲೇ ಬಂತು. ಇದು ಕಲ್ಯಾಣದ ಬಾಬತ್ತು, ಆರ್ಥಿಕ ಯೋಜನೆಗೆ ಯಾಕೆ ಅಂತ ಕೆಲವರು ಕೇಳಿದರು. ಆ ಹೆಂಗಸರು ಕೈ ನಿಲ್ಲಿಸಿದರೆ ಮಾಲು ಮುಂದೆ ಹೋಗುವುದಿಲ್ಲ, ಅಲ್ವಾ?

ಫುಡ್ ಪಾರ್ಕ್ ಕೈಬಿಡಲು ಮಾತ್ರ ಮೂರು ಸಭೆ ಬೇಕಾದವು. ಮೂರನ್ನೂ ಭಾನುವಾರ ಸಂಜೆ ಇಟ್ಟೆವು.