ಗೆಲ್ಲುವವನನ್ನು ಬಿಟ್ಟು ದುಡಿಯುವವನನ್ನು ನೋಡಿ: ಮೂರು ವಾರದ ಸೈಕಲ್ ರೇಸ್‌ಗೆ ಒಂದು ಕೈಪಿಡಿ

ಗ್ರ್ಯಾಂಡ್ ಟೂರ್ ಅಂದರೆ ವರ್ಷಕ್ಕೆ ಮೂರೇ ರೇಸ್. ಮೇ ತಿಂಗಳಲ್ಲಿ ಇಟಲಿಯ ಜಿರೊ, ಜುಲೈನಲ್ಲಿ ಟೂರ್ ದ ಫ್ರಾನ್ಸ್, ಆಗಸ್ಟ್ ಕೊನೆಗೆ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುವ ಸ್ಪೇನಿನ ವುಯೆಲ್ಟಾ. ಒಂದೊಂದರಲ್ಲೂ 21 ಸ್ಟೇಜ್, ಅಂದರೆ ದಿನಕ್ಕೊಂದು ಓಟ, ನಡುವೆ ಸಾಮಾನ್ಯವಾಗಿ ಎರಡು ದಿನ ವಿಶ್ರಾಂತಿ. ಎಲ್ಲ ಸ್ಟೇಜ್‌ಗಳ ಸಮಯ ಕೂಡಿದಾಗ ಯಾರದ್ದು ಎಲ್ಲರಿಗಿಂತ ಕಡಿಮೆಯೋ ಅವನೇ ಗೆದ್ದವನು. ಹಾಗಾಗಿ ಒಂದೂ ಸ್ಟೇಜ್ ಗೆಲ್ಲದೆ ಟೂರ್ ಗೆಲ್ಲಬಹುದು. 1990ರಲ್ಲಿ ಗ್ರೆಗ್ ಲೆಮಾಂಡ್ ಗೆದ್ದದ್ದು ಹಾಗೇ, 2017ರಲ್ಲಿ ಕ್ರಿಸ್ ಫ್ರೂಮ್ ಗೆದ್ದದ್ದೂ ಹಾಗೇ.

ನಾನು ಲೆಕ್ಕಪತ್ರ ನೋಡುವ ಕೆಲಸದವಳು. ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿದ್ದು ಸೆಕೆಂಡುಗಳು. 1989ರ ಟೂರ್‌ನ ಕೊನೆಯ ದಿನ ಲೊರಾಂ ಫಿನ್ಯೋ 50 ಸೆಕೆಂಡ್ ಮುಂದಿದ್ದ. ಉಳಿದದ್ದು ವರ್ಸೈನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್. ಲೆಮಾಂಡ್ ಅಷ್ಟನ್ನೂ ತೀರಿಸಿ 8 ಸೆಕೆಂಡ್ ಉಳಿಸಿಕೊಂಡ. ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ತುಳಿದ ಮೇಲೆ ಇಬ್ಬರ ನಡುವೆ ಉಳಿದದ್ದು ಅಷ್ಟೇ.

ಹೊಸದಾಗಿ ನೋಡುವವರು ಬೇಗ ಬೇಸರಪಟ್ಟುಕೊಳ್ಳುತ್ತಾರೆ. ಯಾಕೆ ಅಂತ ನನಗೆ ಗೊತ್ತು. ಅವರು ‘ಯಾರು ಮೊದಲು?’ ಅಂತ ನೋಡುತ್ತಾ ಕೂರುತ್ತಾರೆ. ನಾಲ್ಕೈದು ಗಂಟೆ ಒಂದು ದೊಡ್ಡ ಗುಂಪು ಸುಮ್ನೆ ಹೋಗುತ್ತಿರುವಂತೆ ಕಾಣುತ್ತದೆ. ಆ ಪ್ರಶ್ನೆ ಬಿಡಿ. ಇನ್ನೊಂದು ಪ್ರಶ್ನೆ ಹಿಡಿದು ಕೂರಿ: ಇವತ್ತು ಯಾರಿಗೆ ಏನು ಬೇಕು?

ನಾನು ಪ್ರತಿ ಸ್ಟೇಜ್‌ಗೂ ನೋಟ್‌ಬುಕ್ಕಿನ ಒಂದು ಪುಟ ಇಡುತ್ತೇನೆ. ಎಡಗಡೆ ತಂಡದ ಹೆಸರು, ಮಧ್ಯದಲ್ಲಿ ಅವರಿಗೆ ಇವತ್ತು ಬೇಕಾದದ್ದು, ಬಲಗಡೆ ಕೊನೆಗೆ ಸಿಕ್ಕಿದ್ದು. ಎಲ್ಲ ತಂಡಗಳನ್ನೂ ಬರೆಯುವುದಿಲ್ಲ. ಐದಾರು ಸಾಕು. ಒಂದು ತಂಡಕ್ಕೆ ಸ್ಪ್ರಿಂಟ್, ಅಂದರೆ ಗೆರೆ ಮುಟ್ಟುವ ಮುಂಚಿನ ಕೊನೆಯ ಬಿರುಸಿನ ಓಟ, ಗೆಲ್ಲಬೇಕು. ಇನ್ನೊಂದಕ್ಕೆ ತನ್ನ ನಾಯಕ ಬೀಳದೆ, ಸಮಯ ಕಳೆದುಕೊಳ್ಳದೆ ಮುಟ್ಟಿದರೆ ಸಾಕು. ಮತ್ತೊಂದು ತಂಡದಲ್ಲಿ ದೊಡ್ಡ ಹೆಸರೇ ಇಲ್ಲ, ಹಾಗಾಗಿ ಅವರ ಹುಡುಗ ಮುಂಚೆಯೇ ಗುಂಪು ಬಿಟ್ಟು ಓಡಿ, ದಿನವಿಡೀ ಟೀವಿಯಲ್ಲಿ ಕಂಡರೂ ಪ್ರಾಯೋಜಕರಿಗೆ ಲಾಭ. ಇಷ್ಟು ಬರೆದುಕೊಂಡರೆ ಒಂದೇ ರಸ್ತೆಯಲ್ಲಿ ನಾಲ್ಕು ರೇಸ್ ನಡೆಯುತ್ತಿರುವುದು ಕಾಣತೊಡಗುತ್ತದೆ.

ಇದನ್ನು ಬರೆಯಲು ಸ್ಟೇಜ್‌ನ ಪ್ರೊಫೈಲ್ ನೋಡಬೇಕು, ಅಂದರೆ ಏರಿಳಿತದ ಚಿತ್ರ. ರೇಸ್‌ನ ಅಧಿಕೃತ ತಾಣದಲ್ಲೂ ಪ್ರೊಸೈಕ್ಲಿಂಗ್‌ಸ್ಟ್ಯಾಟ್ಸ್‌ನಲ್ಲೂ ಸಿಗುತ್ತದೆ. ಟೂರ್‌ನಲ್ಲಿ ಏರುಗಳಿಗೆ 4ರಿಂದ 1ರವರೆಗೆ ದರ್ಜೆ ಇದೆ, ಸಂಖ್ಯೆ ಕಡಿಮೆಯಾದಷ್ಟೂ ಕಷ್ಟ ಜಾಸ್ತಿ. ಅದಕ್ಕೂ ಮೇಲಿನವಕ್ಕೆ ಎಚ್‌ಸಿ ಅಂತ ಹಾಕಿರುತ್ತಾರೆ. ದರ್ಜೆಗಿಂತ ಮುಖ್ಯವಾದದ್ದು ಏರು ಎಲ್ಲಿದೆ ಅನ್ನುವುದು. ದೊಡ್ಡ ಬೆಟ್ಟ ಸ್ಟೇಜ್‌ನ ಮಧ್ಯದಲ್ಲಿದ್ದು ಆಮೇಲೆ 60 ಕಿಲೋಮೀಟರ್ ಸಪಾಟು ರಸ್ತೆ ಇದ್ದರೆ ನಾಯಕರು ಅಲ್ಲಿ ಜಗಳಕ್ಕೆ ಇಳಿಯುವುದು ಅಪರೂಪ. ಕೊನೆಯ ಹತ್ತು ಕಿಲೋಮೀಟರ್ ಏರಾಗಿದ್ದರೆ ಇಳಿಯಲೇಬೇಕು.

ಇದಕ್ಕೆಲ್ಲ ಮೂಲ ಗಾಳಿ. ಇನ್ನೊಬ್ಬನ ಹಿಂದೆ ಅಂಟಿಕೊಂಡು ಹೋದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಶ್ರಮ ಉಳಿಯುತ್ತದೆ, ಗುಂಪಿನ ಒಳಗಿದ್ದರೆ ಇನ್ನೂ ಜಾಸ್ತಿ. ಅದಕ್ಕೇ ತಂಡದ ಎಂಟು ಜನರಲ್ಲಿ ಏಳು ಜನ ಒಬ್ಬನಿಗಾಗಿ ಗಾಳಿಗೆ ಎದೆ ಕೊಡುತ್ತಾರೆ. ಗುಂಪು ಬಿಟ್ಟು ಮುಂದೆ ಹೋದ ನಾಲ್ಕು ಜನ ಎಷ್ಟೇ ಗಟ್ಟಿಗರಾದರೂ ಹಿಂದಿನ ನೂರಾರು ಜನ ಸರದಿಯಲ್ಲಿ ತುಳಿದರೆ ಸಿಕ್ಕಿಬೀಳುತ್ತಾರೆ. ಫ್ರಾನ್ಸಿನ ಹಳೆಯ ರೈಡರ್, ಆಮೇಲೆ ಪತ್ರಕರ್ತನಾದ ರೋಬೇರ್ ಶಪಾತ್ ಹೇಳಿದ ಲೆಕ್ಕ ಒಂದಿದೆ: ಸಪಾಟು ರಸ್ತೆಯಲ್ಲಿ ಹತ್ತು ಕಿಲೋಮೀಟರಿಗೆ ಒಂದು ನಿಮಿಷದ ಅಂತರವನ್ನು ಗುಂಪು ಮುಚ್ಚಬಲ್ಲದು. ಮುಗಿಯಲು 20 ಕಿಲೋಮೀಟರ್ ಇದೆ, ಅಂತರ ಮೂರೂವರೆ ನಿಮಿಷ ಇದೆ ಅಂದರೆ ಎದ್ದು ಕೂರಿ. ಮುಂದಿನವರಿಗೆ ಇವತ್ತು ಅವಕಾಶ ಇದೆ.

ಈಗ ನನ್ನ ಮುಖ್ಯ ಮಾತು. ನೆಚ್ಚಿನವನನ್ನು ಆರಿಸಿಕೊಳ್ಳುವಾಗ ನಾಯಕನನ್ನು ಆರಿಸಬೇಡಿ. ಅವನನ್ನು ಕ್ಯಾಮೆರಾ ಹೇಗೂ ತೋರಿಸುತ್ತದೆ. ಅವನ ತಂಡದ ದುಡಿಯುವವನೊಬ್ಬನನ್ನು ಆರಿಸಿ. ದೊಮೆಸ್ತಿಕ್ ಅಂತ ಕರೆಯುವುದು ಇವರನ್ನೇ. ಅವನ ನಂಬರ್ ಬರೆದುಕೊಳ್ಳಿ, ಮೂರು ವಾರ ಅವನನ್ನೇ ಹುಡುಕಿ. ಗುಂಪಿನ ಹಿಂದಕ್ಕೆ ಜಾರಿ ತಂಡದ ಕಾರಿನ ಪಕ್ಕಕ್ಕೆ ಬರುತ್ತಾನೆ. ಕಿಟಕಿಯಿಂದ ಒಂದೊಂದೇ ಬಾಟಲಿ ತೆಗೆದುಕೊಂಡು ಜರ್ಸಿಯ ಬೆನ್ನಿಗೆ, ಎದೆಗೆ ತುರುಕಿಕೊಳ್ಳುತ್ತಾನೆ. ಆ ಭಾರ ಹೊತ್ತು ಪೂರ್ತಿ ಗುಂಪನ್ನು ದಾಟಿ ಮುಂದೆ ಬಂದು ಎಲ್ಲರಿಗೂ ಹಂಚುತ್ತಾನೆ. ನಾಯಕನ ಚಕ್ರ ಪಂಕ್ಚರ್ ಆಗಿ ಕಾರು ದೂರ ಇದ್ದರೆ ತನ್ನ ಚಕ್ರವನ್ನೋ ಸೈಕಲನ್ನೋ ಕೊಟ್ಟು ರಸ್ತೆ ಬದಿ ನಿಲ್ಲುತ್ತಾನೆ. ಬೆಟ್ಟದ ಬುಡದಲ್ಲಿ ಐದು ಕಿಲೋಮೀಟರ್ ಜೀವ ಬಿಟ್ಟು ಎಳೆದು, ಅಂದರೆ ನಾಯಕನ ಮುಂದೆ ಗಾಳಿ ತಡೆದು ತುಳಿದು, ಪಕ್ಕಕ್ಕೆ ಸರಿದು, ನಿಂತೇಬಿಟ್ಟನೇನೋ ಅನ್ನುವಷ್ಟು ನಿಧಾನವಾಗುತ್ತಾನೆ. ಅವತ್ತಿನ ಅವನ ಕೆಲಸ ಮುಗಿದಿರುತ್ತದೆ. ಟೂರ್ ಗೆದ್ದವನಿಗೆ ಸಿಗುವ 5 ಲಕ್ಷ ಯೂರೋ ಬಹುಮಾನವನ್ನು ಅವನು ತಂಡದ ಜೊತೆ ಹಂಚಿಕೊಳ್ಳುವ ರೂಢಿ ಇರುವುದು ಇದಕ್ಕೇ.

ಇವರ ಕೆಲಸದ ಬೆಲೆ ಕಣ್ಣಾರೆ ನೋಡಬೇಕಾದರೆ 2025ರ ಜಿರೊದ 20ನೇ ಸ್ಟೇಜ್ ಹುಡುಕಿ ನೋಡಿ. ಮೆಕ್ಸಿಕೊದ ಇಸಾಕ್ ದೆಲ್ ತೋರೊ, ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಗುಲಾಬಿ ಜರ್ಸಿಯಲ್ಲಿದ್ದ. 43 ಸೆಕೆಂಡ್ ಹಿಂದೆ ಈಕ್ವೆಡಾರ್‌ನ ರಿಚರ್ಡ್ ಕರಾಪಾಸ್. ಸೈಮನ್ ಯೇಟ್ಸ್ ಮೂರನೆಯವನು, 1 ನಿಮಿಷ 21 ಸೆಕೆಂಡ್ ಹಿಂದೆ. ದಾರಿಯಲ್ಲಿ ಕೊಲ್ಲೆ ದೆಲ್ಲೆ ಫಿನೆಸ್ಟ್ರೆ: 18.5 ಕಿಲೋಮೀಟರ್ ಏರು, ಸರಾಸರಿ 9.2 ಶೇಕಡಾ ಕಡಿದು, ಮೇಲಿನ ಭಾಗ ಡಾಂಬರಿಲ್ಲದ ಮಣ್ಣು ರಸ್ತೆ. ಯೇಟ್ಸ್‌ನ ತಂಡ ವೌಟ್ ವಾನ್ ಆರ್ಟ್‌ನನ್ನು ಮುಂಚೆಯೇ ಮುಂದಿನ ಗುಂಪಿನ ಜೊತೆ ಕಳಿಸಿತ್ತು. ಆ ಹೊತ್ತಿಗೆ ನೋಡಿದವರಿಗೆ ಅದು ಸ್ಟೇಜ್ ಗೆಲ್ಲುವ ಆಸೆಯಂತೆ ಕಂಡಿರಬಹುದು. ಯೇಟ್ಸ್ ಏರಿನಲ್ಲಿ ಒಬ್ಬನೇ ಹೊರಟ. ಹಿಂದೆ ಉಳಿದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಎಳೆದರೆ ಇವನಿಗೆ ಲಾಭ ಅನ್ನುವ ಲೆಕ್ಕ ಇಬ್ಬರ ತಲೆಯಲ್ಲೂ ಇತ್ತು. ಅಂತರ ಬೆಳೆಯಿತು. ಬೆಟ್ಟದ ಆಚೆ, ಗಾಳಿಗೆ ಒಬ್ಬನೇ ಸಿಕ್ಕಿಕೊಳ್ಳಬೇಕಿದ್ದ ಕಣಿವೆಯ ರಸ್ತೆಯಲ್ಲಿ ಯೇಟ್ಸ್‌ಗೆ ವಾನ್ ಆರ್ಟ್ ಸಿಕ್ಕಿದ. ಅಲ್ಲಿಂದ ಸೆಸ್ಟ್ರಿಯೆರೆಯ ಏರಿನ ಬುಡದವರೆಗೂ ತಲೆ ತಗ್ಗಿಸಿ ಎಳೆದ. ದಿನ ಮುಗಿಯುವಾಗ ಯೇಟ್ಸ್ ಜಿರೊವನ್ನೇ ಗೆದ್ದಿದ್ದ, 3 ನಿಮಿಷ 56 ಸೆಕೆಂಡ್‌ನಿಂದ.

ಅದೇ ಬೆಟ್ಟದಲ್ಲಿ 2018ರಲ್ಲಿ ಇದೇ ಯೇಟ್ಸ್ ಗುಲಾಬಿ ಜರ್ಸಿ ತೊಟ್ಟು ಅರ್ಧ ಗಂಟೆಗೂ ಜಾಸ್ತಿ ಕಳೆದುಕೊಂಡಿದ್ದ. ಅವತ್ತು ಫ್ರೂಮ್ 80 ಕಿಲೋಮೀಟರ್ ಒಬ್ಬನೇ ಓಡಿ ರೇಸ್ ಕಿತ್ತುಕೊಂಡಿದ್ದ. ಎರಡೂ ಸ್ಟೇಜ್‌ಗಳನ್ನು ಒಂದರ ಹಿಂದೆ ಒಂದು ನೋಡಿ. ಹಳೆಯ ರೇಸ್ ನೋಡುವುದು ಸಮಯ ಹಾಳು ಅಂದುಕೊಳ್ಳಬೇಡಿ. ಈ ಆಟದಲ್ಲಿ ರಸ್ತೆಗಳಿಗೂ ನೆನಪು ಅಂಟಿಕೊಂಡಿರುತ್ತದೆ, ರೈಡರ್‌ಗಳಿಗಂತೂ ಇದ್ದೇ ಇರುತ್ತದೆ.

ಜರ್ಸಿಗಳ ಬಣ್ಣ ಬೇಗ ಹೇಳಿಬಿಡುತ್ತೇನೆ. ಒಟ್ಟು ಸಮಯದಲ್ಲಿ ಮುಂದಿರುವವನಿಗೆ ಟೂರ್‌ನಲ್ಲಿ ಹಳದಿ, ಜಿರೊದಲ್ಲಿ ಗುಲಾಬಿ, ವುಯೆಲ್ಟಾದಲ್ಲಿ ಕೆಂಪು. ಹಳದಿ ಲೋತೋ ಪತ್ರಿಕೆಯ ಕಾಗದದ ಬಣ್ಣ, ಗುಲಾಬಿ ಗಜೆಟ್ಟಾ ದೆಲ್ಲೊ ಸ್ಪೋರ್ಟ್ ಪತ್ರಿಕೆಯದ್ದು. ಎರಡು ರೇಸ್‌ಗಳನ್ನೂ ಹುಟ್ಟುಹಾಕಿದ್ದು ಆ ಪತ್ರಿಕೆಗಳೇ, 1903ರಲ್ಲಿ ಮತ್ತು 1909ರಲ್ಲಿ. ಟೂರ್‌ನಲ್ಲಿ ಹಸಿರು ಸ್ಪ್ರಿಂಟ್‌ಗಳಲ್ಲಿ ಗಳಿಸುವ ಅಂಕಗಳಿಗೆ, ಕೆಂಪು ಚುಕ್ಕಿ ಬೆಟ್ಟಗಳಲ್ಲಿ ಗಳಿಸುವ ಅಂಕಗಳಿಗೆ, ಬಿಳಿ ಎಳೆಯರಿಗೆ. ಉಳಿದದ್ದು ನೋಡುತ್ತಾ ಬರುತ್ತದೆ.

ಸಮಯದ ಲೆಕ್ಕದಲ್ಲಿ ಮೂರು ನಿಯಮ ಗೊತ್ತಿರಲಿ. ಒಟ್ಟಿಗೆ ಮುಟ್ಟಿದ ಗುಂಪಿಗೆಲ್ಲ ಒಂದೇ ಸಮಯ ಕೊಡುತ್ತಾರೆ. ಟೈಮ್ ಟ್ರಯಲ್ ಬಿಟ್ಟು ಉಳಿದ ಸ್ಟೇಜ್‌ಗಳಲ್ಲಿ ಟೂರ್‌ನಲ್ಲಿ ಆ ದಿನ ಮೊದಲು ಮುಟ್ಟಿದ ಮೂವರಿಗೆ 10, 6, 4 ಸೆಕೆಂಡ್ ರಿಯಾಯಿತಿ ಸಿಗುತ್ತದೆ. ಸಪಾಟು ಸ್ಟೇಜ್‌ನ ಕೊನೆಯ ಮೂರು ಕಿಲೋಮೀಟರ್‌ನಲ್ಲಿ ಬಿದ್ದವನಿಗೆ ಅವನಿದ್ದ ಗುಂಪಿನ ಸಮಯವೇ ಸಿಗುತ್ತದೆ. ಕೆಲವು ಸ್ಟೇಜ್‌ಗಳಲ್ಲಿ ಈ ಮಿತಿಯನ್ನು ಐದು ಕಿಲೋಮೀಟರಿಗೆ ಹಿಗ್ಗಿಸುತ್ತಾರೆ.

ಎಲ್ಲ ದಿನವೂ ನೋಡಬೇಕಾ? ಬೇಡ. ಕೆಲಸ, ಮನೆ ಇದ್ದವರಿಗೆ ಆಗುವುದೂ ಇಲ್ಲ. ಸಪಾಟು ಸ್ಟೇಜ್ ಆದರೆ ಕೊನೆಯ ಅರ್ಧ ಗಂಟೆ ಸಾಕು. ಸ್ಪ್ರಿಂಟರ್‌ಗಳ ತಂಡಗಳು ಸಾಲುಗಟ್ಟಿ ಜಾಗಕ್ಕೆ ಗುದ್ದಾಡುವುದು ಆಗಲೇ. ಬೆಟ್ಟದ ಸ್ಟೇಜ್ ಆದರೆ ಕೊನೆಯದಕ್ಕಿಂತ ಒಂದು ಹಿಂದಿನ ಏರಿನ ಬುಡದಿಂದ ಕೂರಿ, ಯಾವ ತಂಡ ಮುಂದೆ ಬಂದು ವೇಗ ಹೆಚ್ಚಿಸುತ್ತಿದೆ ನೋಡಿ. ಯಾರಿಗೋ ಇವತ್ತು ಕಾಲು ಚೆನ್ನಾಗಿದೆ ಅಂತ ಅರ್ಥ. ಟೈಮ್ ಟ್ರಯಲ್‌ನಲ್ಲಿ ಮೊದಲ ಸ್ಥಾನದ ಹತ್ತಿರ ಇರುವವರು ಕೊನೆಗೆ ಹೊರಡುತ್ತಾರೆ, ಅಲ್ಲಿಂದ ಸಾಕು. 2020ರ ಟೂರ್‌ನಲ್ಲಿ ಲಾ ಪ್ಲಾಂಶ್ ದೆ ಬೆಲ್ ಫೀ ಮೇಲೆ ಮುಗಿದ ಟೈಮ್ ಟ್ರಯಲ್‌ನಲ್ಲಿ 57 ಸೆಕೆಂಡ್ ಹಿಂದಿದ್ದ ತದೇಜ್ ಪೊಗಾಚಾರ್, ಪ್ರಿಮೋಜ್ ರೋಗ್ಲಿಚ್‌ನಿಂದ ಹಳದಿ ಜರ್ಸಿ ಕಿತ್ತುಕೊಂಡದ್ದು ಹೀಗೆ ಕೊನೆಗೆ ಹೊರಟ ಇಬ್ಬರ ನಡುವೆಯೇ.

ಒಂದು ಎಚ್ಚರಿಕೆ: ಸಪಾಟು ಸ್ಟೇಜ್ ಬಿಡುವ ಮುಂಚೆ ಆ ದಿನದ ಗಾಳಿ ನೋಡಿ. ಪಕ್ಕದಿಂದ ಜೋರಾಗಿ ಬೀಸುತ್ತಿದ್ದರೆ ರೈಡರ್‌ಗಳು ರಸ್ತೆಗೆ ಅಡ್ಡಲಾಗಿ ಓರೆ ಸಾಲು ಕಟ್ಟುತ್ತಾರೆ. ರಸ್ತೆಯ ಅಗಲ ಮುಗಿದಲ್ಲಿ ಸಾಲೂ ಮುಗಿಯಿತು, ಹಿಂದಿನವರಿಗೆ ಆಸರೆಯೇ ಇಲ್ಲ. ಗುಂಪು ಹರಿದು ಚೂರಾಗುತ್ತದೆ. 2013ರ ಟೂರ್‌ನ 13ನೇ ಸ್ಟೇಜ್‌ನಲ್ಲಿ ಹೀಗೇ ಆಯಿತು. ಎರಡನೇ ಸ್ಥಾನದಲ್ಲಿದ್ದ ಅಲೆಹಾಂದ್ರೊ ವಾಲ್ವೆರ್ದೆ ಚಕ್ರ ಕೆಟ್ಟು ನಿಂತು, ಹತ್ತಿರ ಹತ್ತಿರ ಹತ್ತು ನಿಮಿಷ ಕಳೆದುಕೊಂಡ. ಹಳದಿ ಜರ್ಸಿಯ ಫ್ರೂಮ್ ಕೂಡ ತನ್ನ ಎದುರಾಳಿ ಕೊಂತಾದೋರ್‌ನ ಗುಂಪಿಗಿಂತ 1 ನಿಮಿಷ 9 ಸೆಕೆಂಡ್ ತಡವಾಗಿ ಮುಟ್ಟಿದ. ಒಂದು ಬೆಟ್ಟವೂ ಬೇಕಾಗಲಿಲ್ಲ.

ಕೊನೆಯಲ್ಲಿ ಬರುವವರನ್ನೂ ನೋಡಿ. ಪ್ರತಿ ಸ್ಟೇಜ್‌ಗೂ ಸಮಯದ ಗಡುವು ಇರುತ್ತದೆ, ಗೆದ್ದವನ ಸಮಯದ ಮೇಲೆ ಇಷ್ಟು ಶೇಕಡಾ ಅಂತ. ಅದು ಮೀರಿದರೆ ಮನೆಗೆ. ಬೆಟ್ಟ ಹತ್ತಲಾಗದ ಸ್ಪ್ರಿಂಟರ್‌ಗಳು ಹಿಂದೆ ಒಂದು ಗುಂಪು ಕಟ್ಟಿಕೊಂಡು, ಗಡಿಯಾರ ನೋಡುತ್ತಾ ಜೊತೆಯಾಗಿ ಬರುತ್ತಾರೆ. 2024ರ ಟೂರ್‌ನ ಮೊದಲ ದಿನ, ಫ್ಲಾರೆನ್ಸ್‌ನಿಂದ ರಿಮಿನಿಗೆ ಹೋಗುವ ದಾರಿಯಲ್ಲಿ ಸ್ಪ್ರಿಂಟರ್ ಮಾರ್ಕ್ ಕ್ಯಾವೆಂಡಿಷ್ ಬಿಸಿಲಿಗೆ ವಾಂತಿ ಮಾಡಿಕೊಂಡು ಆರಂಭದಲ್ಲೇ ಹಿಂದೆ ಬಿದ್ದ. ತಂಡದವರು ಅವನ ಜೊತೆ ಉಳಿದು, ಗಡುವಿನೊಳಗೆ ಮುಟ್ಟಿಸಿದರು. ಐದನೇ ಸ್ಟೇಜ್‌ನಲ್ಲಿ ಅವನು ಟೂರ್‌ನಲ್ಲಿ ತನ್ನ 35ನೇ ಸ್ಟೇಜ್ ಗೆದ್ದು ಎಡ್ಡಿ ಮರ್ಕ್ಸ್‌ನ ದಾಖಲೆ ಮುರಿದ. ಆ ಗೆಲುವಿನ ಅರ್ಧ ಪಾಲು ರಿಮಿನಿಯ ದಾರಿಯಲ್ಲಿ ಜೊತೆ ಬಿಡದವರದ್ದು ಅಂತಲೇ ನನ್ನ ಪುಟದಲ್ಲಿ ಬರೆದಿದ್ದೇನೆ.

ಡೋಪಿಂಗ್ ವಿಷಯ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ 1999ರಿಂದ 2005ರವರೆಗಿನ ಏಳು ಟೂರ್ ಗೆಲುವುಗಳನ್ನು 2012ರಲ್ಲಿ ಅಳಿಸಿದರು, ಆ ಜಾಗಕ್ಕೆ ಬೇರೆ ಯಾರನ್ನೂ ತರಲಿಲ್ಲ. ದಾಖಲೆ ಪಟ್ಟಿಯಲ್ಲಿ ಆ ಏಳು ವರ್ಷ ಈಗಲೂ ಖಾಲಿ. ಅಭಿಮಾನಿಯಾದವರು ಈ ಚರಿತ್ರೆ ಓದಲೇಬೇಕು. ನಾನು ಓದಿದ ಮೇಲೂ ನೋಡುತ್ತಿದ್ದೇನೆ, ಪ್ರಶ್ನೆ ಕೇಳುವವರನ್ನು ದ್ವೇಷಿಸುವುದಿಲ್ಲ.

ರಸ್ತೆ ಬದಿಗೇ ಹೋಗಿ ನೋಡುವ ಅವಕಾಶ ಸಿಕ್ಕರೆ ಏರು ಆರಿಸಿ. ಟಿಕೆಟ್ ಬೇಕಿಲ್ಲ. ಸಪಾಟು ರಸ್ತೆಯಲ್ಲಿ ಇಡೀ ಗುಂಪು ಕೆಲವೇ ಸೆಕೆಂಡಿನಲ್ಲಿ ಹಾದುಹೋಗುತ್ತದೆ, ಏರಿನಲ್ಲಿ ಒಬ್ಬೊಬ್ಬರ ಮುಖ ಕಾಣುತ್ತದೆ. ಗಂಟೆಗಟ್ಟಲೆ ಮುಂಚೆ ರಸ್ತೆ ಮುಚ್ಚುತ್ತಾರೆ, ನೀರು, ಊಟ, ಟೋಪಿ ಜೊತೆಗಿರಲಿ. ರೈಡರ್ ಬರುವಾಗ ಫೋನ್ ಚಾಚಬೇಡಿ, ಅವನ ಜೊತೆ ಓಡಬೇಡಿ. 2021ರ ಟೂರ್‌ನ ಮೊದಲ ದಿನ ಒಬ್ಬರು ಕ್ಯಾಮೆರಾ ಕಡೆ ಮುಖ ಮಾಡಿ ರಟ್ಟಿನ ಬೋರ್ಡ್ ರಸ್ತೆಗೆ ಚಾಚಿ ನಿಂತರು. ಟೋನಿ ಮಾರ್ಟಿನ್ ಅದಕ್ಕೆ ಬಡಿದು ಬಿದ್ದ, ಅವನ ಹಿಂದೆ ಹತ್ತಾರು ಜನ ಬಿದ್ದರು.

ಮೂರು ವಾರ ಜಾಸ್ತಿಯಾಯಿತು ಅನ್ನುವವರು ಮಹಿಳೆಯರ ಟೂರ್ ದ ಫ್ರಾನ್ಸ್‌ನಿಂದ ಶುರು ಮಾಡಿ. 2022ರಿಂದ ಈಗಿನ ರೂಪದಲ್ಲಿ ನಡೆಯುತ್ತಿದೆ, ಹೆಚ್ಚುಕಡಿಮೆ ಒಂದು ವಾರದಲ್ಲಿ ಮುಗಿಯುತ್ತದೆ. 2024ರದ್ದನ್ನು ಮೊದಲು ನೋಡಿ. ಡೆಮಿ ವೊಲರಿಂಗ್ ಐದನೇ ಸ್ಟೇಜ್‌ನಲ್ಲಿ ಬಿದ್ದು 1 ನಿಮಿಷ 47 ಸೆಕೆಂಡ್ ಕಳೆದುಕೊಂಡರು. ಕೊನೆಯ ದಿನ ಆಲ್ಪ್ ದ್ಯುಯೆಜ್‌ನ 21 ತಿರುವುಗಳ ಏರಿನಲ್ಲಿ ಸ್ಟೇಜ್ ಗೆದ್ದರು. ಆದರೆ ಹಿಂದೆ ಒದ್ದಾಡುತ್ತಾ ಬಂದ ಕಾಸಿಯಾ ನಿವಿಯಾಡೋಮಾ ಟೂರ್ ಗೆದ್ದರು, 4 ಸೆಕೆಂಡ್‌ನಿಂದ. ಆ ಎಂಟು ಸ್ಟೇಜ್‌ಗಳ ಫಲಿತಾಂಶ ತೆಗೆದುಕೊಂಡು, ಆ 4 ಸೆಕೆಂಡ್ ಎಲ್ಲೆಲ್ಲಿಂದ ಬಂದವು ಅಂತ ನೀವೇ ಒಂದು ಪುಟದಲ್ಲಿ ಬರೆದು ನೋಡಿ.